ಶತ್ರುಗಳಿಲ್ಲದ ಕೀರ್ತನೆ

ಮೆಟ್ಟಿಲು ಇದೆ ಎಂದುಕೊಂಡು ಇಟ್ಟ ಕಾಲು ಗಾಳಿಗೆ ಬಿದ್ದ ಹಾಗಾಯಿತು ಮುದುಕಿಗೆ. ಸೊಸೆ ಕೀರ್ತನೆ ಓದುತ್ತಲೇ ಇದ್ದಳು. ಹುಲ್ಲುಗಾವಲು ಬಂತು, ನೀರು ಬಂತು, ಕತ್ತಲೆಯ ಕಣಿವೆ ಬಂತು, ಕುರುಬನ ಕೋಲೂ ಬಂತು. ಕೋಲಿನ ಹಿಂದೆಯೇ ಬರಬೇಕಾಗಿದ್ದ ಮೇಜು ಬರದೆ, ತಲೆಗೆ ಹಚ್ಚುವ ಎಣ್ಣೆ ಬಂದುಬಿಟ್ಟಿತು. ಮುದುಕಿ ಚಹಾದ ಲೋಟವನ್ನು ತುಟಿಯ ಹತ್ತಿರ ಹಿಡಿದವಳು ಹಿಡಿದ ಹಾಗೆಯೇ ಕೂತಳು. ಶತ್ರುಗಳ ಕಣ್ಣೆದುರಿಗೇ ದೇವರು ತನ್ನವರಿಗೆ ಊಟದ ಮೇಜು ಹಾಕುವ ವಚನ ಎಲ್ಲಿ ಹೋಯಿತು? ಇಡೀ ಕೀರ್ತನೆಯಲ್ಲಿ ಅವಳ ಪ್ರಾಣ ಇದ್ದದ್ದೇ ಆ ಮೇಜಿನ ಮೇಲೆ. ಹುಲ್ಲು, ನೀರು ಎಲ್ಲ ಕುರಿಗಳಿಗಾಯಿತು. ಮನುಷ್ಯರಿಗೆ ಬೇಕಾದದ್ದು ಇದು: ತಾನು ಕೂತು ಉಣ್ಣಬೇಕು, ಆಗದವರು ನಿಂತು ನೋಡಬೇಕು, ಅವರ ಬಾಯಲ್ಲಿ ನೀರೂರಬೇಕು, ಬಡಿಸುವವನು ಸಾಕ್ಷಾತ್ ದೇವರೇ ಆಗಿರಬೇಕು. ಸೊಸೆ ‘ಆಮೆನ್’ ಎಂದು ಸತ್ಯವೇದ ಮುಚ್ಚಿದ ಸದ್ದಾಯಿತು. ಮುದುಕಿಯೂ ಆಮೆನ್ ಎಂದಳು. ಅನ್ನದೆ ಏನು ಮಾಡುವುದು?

ಪೊರೆ ಬಂದ ಕಣ್ಣಿಗೆ ಸೊಸೆಯ ಮುಖ ಹಾಲಲ್ಲಿ ಅದ್ದಿದ ಬ್ರೆಡ್ಡಿನ ತುಂಡಿನಂತೆ ಕಾಣುತ್ತಿತ್ತು. ಅದರ ಮೇಲೆ ಕಣ್ಣು ಎಲ್ಲಿ, ಬಾಯಿ ಎಲ್ಲಿ ಎಂದು ತಾನೇ ಊಹಿಸಿಕೊಳ್ಳಬೇಕು. ನಿನ್ನೆಯೂ ಹೀಗೇ ಆಗಿತ್ತು. ದೇವರು ಕೈಬಿಟ್ಟನೆಂದು ಒಬ್ಬ ಕೂಗುವ ಕೀರ್ತನೆ. ಆ ಬಡಪಾಯಿಯ ಸುತ್ತ ಗೂಳಿಗಳು ನಿಂತಿರುತ್ತವೆ, ನಾಯಿಗಳು ಮುತ್ತಿಕೊಂಡಿರುತ್ತವೆ. ನಿನ್ನೆ ಗೂಳಿಯೂ ಬರಲಿಲ್ಲ, ನಾಯಿಯೂ ಬರಲಿಲ್ಲ. ಸುತ್ತ ಯಾರೂ ಇಲ್ಲದೆ ಆ ಮನುಷ್ಯ ಸುಮ್ಮಸುಮ್ಮನೆ ಅರಚುತ್ತಿದ್ದ, ಹಲ್ಲುನೋವು ಬಂದವನ ಹಾಗೆ. ಆಗಲೇ ಮುದುಕಿಗೆ ಅನುಮಾನದ ಹುಳ ಹೊಕ್ಕಿತ್ತು. ಅದಕ್ಕೂ ಹಿಂದೆ? ಹಿಂದಿನದು ನೆನಪಿಲ್ಲ. ಈ ‘ನೆನಪಿಲ್ಲ’ ಎಂಬುದೇ ಈಗ ಗಂಟಲಿಗೆ ಸಿಕ್ಕಿಕೊಂಡ ಮುಳ್ಳು. ಹೋದ ವಾರ ಬಾಗಿಲ ಹಿಂದೆ ಸೊಸೆ ಮಗನ ಹತ್ತಿರ, “ಅತ್ತೆಗೆ ಈಗೀಗ ಮರೆವು ಜಾಸ್ತಿ ಆಗ್ತಿದೆ ರೀ, ಕಣ್ಣಿನ ಡಾಕ್ಟ್ರ ಹತ್ರ ಹೋದಾಗ ಅದನ್ನೂ ಕೇಳೋಣ್ವಾ?” ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಕಣ್ಣಿಗೆ ಪೊರೆ ಬಂದಿರಬಹುದು, ಕಿವಿಗೆ ಬಂದಿರಲಿಲ್ಲ. ಅವಳ ಪ್ರಕಾರ ಆ ಕಿವಿಗೆ ಪಕ್ಕದ ಬೀದಿಯಲ್ಲಿ ಬೆಕ್ಕು ಮೀಸೆ ಒರೆಸಿಕೊಂಡರೂ ಕೇಳುತ್ತಿತ್ತು.

ಹಾಗಾದರೆ ಇದು ಪರೀಕ್ಷೆ. ವಚನ ಬಿಟ್ಟು ಓದುವುದು, ಮುದುಕಿಗೆ ಗೊತ್ತಾಗುತ್ತದೋ ಇಲ್ಲವೋ ನೋಡುವುದು. ಸುಮ್ಮನಿದ್ದರೆ ಮರೆವು ನಿಜವಾಯಿತು. ಬಾಯಿಬಿಟ್ಟು ಕೇಳಿದರೆ, “ಓದಿದೆನಲ್ಲ ಅತ್ತೆ, ನಿಮಗೇ ನೆನಪಿಲ್ಲ” ಎಂದರಾಯಿತು, ಆಗಲೂ ಮರೆವು ನಿಜವಾಯಿತು. ಅತ್ತ ದರಿ, ಇತ್ತ ಪುಲಿ. ಗಂಡ ಇದ್ದಿದ್ದರೆ ಹೀಗೆ ಕೀರ್ತನೆಯ ಜೇಬು ಕತ್ತರಿಸುವ ಧೈರ್ಯ ಈ ಮನೆಯಲ್ಲಿ ಯಾರಿಗೆ ಬರುತ್ತಿತ್ತು? ಅವನು ಬೀಗ ರಿಪೇರಿಯವನು. ಅಂಗಡಿ ತೆಗೆಯುವ ಮುಂಚೆ ಇದೇ ಮೇಜಿನ ತಲೆಯಲ್ಲಿ ಕೂತು ದಿನಕ್ಕೊಂದು ಕೀರ್ತನೆ ಓದುತ್ತಿದ್ದ, ಮೊದಲಿನಿಂದ ಕೊನೆಯವರೆಗೆ ಸಾಲಾಗಿ, ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಆರಿಸುವ ಹಾಗಿಲ್ಲ. “ಆರಿಸೋದು ತರಕಾರಿ ಅಂಗಡೀಲಿ. ಇಲ್ಲಿ ದೇವರು ಬಡಿಸಿದ್ದು ಉಣ್ಣಬೇಕು,” ಎನ್ನುತ್ತಿದ್ದ. ಮಗ ಹುಟ್ಟಿದ ಬೆಳಿಗ್ಗೆ ಎದೆ ಬಿರಿಯುವ ಹಾಗೆ ಅಳುವ ಕೀರ್ತನೆ ಬಂದಿತ್ತು. ಗಂಡನೇ ಸತ್ತು ನಡುಮನೆಯಲ್ಲಿ ಮಲಗಿದ್ದಾಗ ಡೋಲು, ತಾಳ, ಕುಣಿತ ಎಲ್ಲ ಇರುವ ಕೀರ್ತನೆ ಬಂತು. ಮಗ ಓದಲೋ ಬೇಡವೋ ಎಂದು ನಿಂತಾಗ ಇವಳೇ, “ಓದೋ, ಇಲ್ಲಾಂದ್ರೆ ನಿಮ್ಮಪ್ಪ ಎದ್ದು ಕೂತು ಬೈತಾನೆ” ಎಂದಿದ್ದಳು. ಬಂದವರೆಲ್ಲ ಅಳುತ್ತಲೇ ನಕ್ಕಿದ್ದರು. ನಗಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಸೊಸೆ ಈ ಮನೆಗೆ ಬಂದ ಮೊದಲ ಬೆಳಿಗ್ಗೆಯೂ ನಗಿಸಿರಲಿಲ್ಲವೇ?

ಅವತ್ತಿನ ಸರದಿಗೆ ಬಂದದ್ದು ಶಾಪದ ಕೀರ್ತನೆ. ಅವನ ದಿನಗಳು ಕಡಿಮೆಯಾಗಲಿ, ಅವನ ಮನೆ ಹಾಳಾಗಲಿ, ಅವನ ಮಕ್ಕಳು ಬೀದಿಪಾಲಾಗಲಿ ಎಂದು ಪುಟಗಟ್ಟಲೆ ಶಾಪ. ಹೊಸ ಸೊಸೆ ಹೊಸ ಬಟ್ಟೆಯಲ್ಲಿ ಮೇಜಿನ ಮೂಲೆಗೆ ಕೂತಿದ್ದಾಳೆ, ಕೈಯಲ್ಲಿ ಬ್ರೆಡ್ಡಿನ ತುಂಡು; ಮಾವ ಕನ್ನಡಕ ಏರಿಸಿಕೊಂಡು, ಒಂದು ಶಾಪವನ್ನೂ ಬಿಡದೆ, ಬೀಗದ ಹಲ್ಲು ಎಣಿಸುವವನ ಹಾಗೆ ಓದುತ್ತಿದ್ದಾನೆ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಇವಳು ತಿರುಗಿ, ಸೊಸೆಯ ಗಲ್ಲ ಹಿಡಿದು, “ನೋಡಮ್ಮ, ದೇವರೇ ಬಾಗಿಲಿಗೆ ಬಂದು ನಿನ್ನನ್ನ ಒಳಗೆ ಕರೀತಿದಾನೆ” ಎಂದುಬಿಟ್ಟಳು. ನಗು ಎಂದರೆ ಎಂಥ ನಗು, ಹೆಂಚು ಹಾರಿಹೋಗುವಂಥ ನಗು. ಆ ಕತೆಯನ್ನು ಅವಳು ಹೇಳದ ಮನೆಯಿಲ್ಲ, ಹೇಳದ ಪ್ರಾರ್ಥನಾ ಕೂಟವಿಲ್ಲ. ಹೇಳಿದಷ್ಟು ಸಲವೂ ಶಾಪ ಉದ್ದವಾಗುತ್ತಿತ್ತು. ಈಚೆಗಿನ ಆವೃತ್ತಿಯಲ್ಲಿ ಸೊಸೆ ಮೂರ್ಛೆ ಹೋಗಿ, ಮುಖಕ್ಕೆ ಬಿಂದಿಗೆ ನೀರು ಹಾಕಿ ಎಬ್ಬಿಸಬೇಕಾಗಿತ್ತು. ನಿಜದಲ್ಲಿ ಆ ಹುಡುಗಿ ಬ್ರೆಡ್ಡಿನ ತುಂಡನ್ನು ಸದ್ದಿಲ್ಲದೆ ತಟ್ಟೆಗೆ ಇಟ್ಟಿದ್ದಳು, ಅಷ್ಟೆ. ತಟ್ಟೆಗೆ ಇಟ್ಟದ್ದು ಈಗ ಯಾಕೆ ನೆನಪಾಗಬೇಕು? ಮರೆವಂತೆ, ಮರೆವು! ಬ್ರೆಡ್ಡಿನ ಅಂಚು ಕಪ್ಪಾಗಿತ್ತೆಂಬುದೂ ಅವಳಿಗೆ ನೆನಪಿದೆ.

“ಚಹಾ ಆರಿಹೋಯ್ತು ಅತ್ತೆ, ಬೇರೆ ಕೊಡ್ಲಾ?”

“ಬೇಡ. ಆರಿದ್ದನ್ನ ಕುಡಿದೇ ಬದುಕಿದವಳು ನಾನು.”

“ಇವತ್ತು ಆಪರೇಷನ್ನು. ಹೆದರ್ಕೋಬೇಡಿ. ಇರುವೆ ಕಚ್ಚಿದಷ್ಟೂ ಆಗಲ್ಲ ಅಂದ್ರು ಡಾಕ್ಟ್ರು.”

“ಡಾಕ್ಟ್ರಿಗೆ ಇರುವೆ ಕಚ್ಚಿದ್ಯಂತಾ, ಕಣ್ಣಿಗೆ?”

ಸೊಸೆ ನಕ್ಕಳೋ ಇಲ್ಲವೋ ತಿಳಿಯಲಿಲ್ಲ. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಹೋದ ದಾರಿಯಲ್ಲಿ ಹುದುಗು ಬಂದ ಹಿಟ್ಟಿನ ವಾಸನೆ ಉಳಿಯಿತು. ಬೇಕರಿಯ ಕೆಲಸದವಳು, ಎಷ್ಟು ತೊಳೆದರೂ ಆ ವಾಸನೆ ಹೋಗುವುದಿಲ್ಲ. ಇವತ್ತು ರಜೆ ಹಾಕಿದ್ದಾಳೆ. ರಜೆ ಹಾಕಿದ್ದಾದರೂ ಯಾಕೆ? ಮಗ ಅಂಗಡಿ ಮುಚ್ಚಿ ಬರಬಹುದಿತ್ತು. ಅವನ ಬದಲು ತಾನೇ ಬರುತ್ತೇನೆಂದು ಇವಳೇ ಹೇಳಿದಳಂತೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತದಂತೆ. ಇಲ್ಲಿ ಕಣ್ಣುಮುಚ್ಚಿಸುತ್ತಿರುವುದು ಮುದುಕಿಯದು, ಹಾಲು ಕುಡಿಯುವವರು ಬೇರೆ. ಮುದುಕಿ ಸೊಂಟಕ್ಕೆ ಸಿಕ್ಕಿಸಿದ್ದ ಬೀರುವಿನ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ಬೀರುವಿನಲ್ಲಿ ಇದ್ದದ್ದು ಗಂಡನ ಕೋಟು, ಒಂದಿಷ್ಟು ಹಳೇ ಬಟ್ಟೆ, ಒಂದು ಡಬ್ಬಿಯ ತುಂಬ ಯಾವ ಬೀಗಕ್ಕೂ ಸೇರದ ಕೀಲಿಗಳು. ಆದರೂ ಆ ಕೀಲಿ ಬೇರೆಯವರ ಕೈಗೆ ಹೋದದ್ದಿಲ್ಲ. ಗಂಡ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: ಒಂದು ಕೀಲಿ ನಿಮ್ಮ ಹತ್ತಿರ ಇರಲಿ, ಇನ್ನೊಂದು ಬೇರೆಯವರ ಹತ್ತಿರ ಕೊಟ್ಟಿರಿ, ಎಲ್ಲ ಕೀಲಿಯೂ ಒಬ್ಬರ ಹತ್ತಿರವೇ ಇದ್ದರೆ ಒಂದು ದಿನ ಬಾಗಿಲು ಒಡೆಯಬೇಕಾಗುತ್ತದೆ. ಸ್ವಂತ ಹೆಂಡತಿಗೆ ಮಾತ್ರ ಅದನ್ನು ಕಲಿಸಲಾಗದೆ ಸತ್ತ.

ಆಪರೇಷನ್ನಿಗೆ ಮುಂಚೆ ಸಾಕ್ಷಿ ಬೇಕು ಎನಿಸಿತು. ಗೋಡೆ ಹಿಡಿದು, ಬಾಗಿಲು ಹಿಡಿದು, ಎದುರು ಮನೆಯ ದರ್ಜಿಯ ಹತ್ತಿರ ಹೋದಳು. ದರ್ಜಿ ಎಂದರೆ ಹೆಂಗಸು, ಇವಳಷ್ಟೇ ಹಳಬಳು. ದೇವಾಲಯದಲ್ಲಿ ಇಬ್ಬರೂ ಒಂದೇ ಬೆಂಚಿನವರು. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಎಲ್ಲರೂ ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದರು.

“ಏನೇ ಬೀಗದಕ್ಕ, ಹಸಿದ ಹೊಟ್ಟೇಲಿ ನನ್ನ ಮುಖ ನೋಡೋಕೆ ಬಂದ್ಯಾ?”

“ನೋಡೋಕೆ ನಿನ್ನ ಮುಖ ಎಲ್ಲಿ ಕಾಣುತ್ತೆ, ಅದೇ ಪುಣ್ಯ. ಸತ್ಯವೇದ ತೆಗಿ. ಕುರುಬನ ಕೀರ್ತನೆ ಓದು.”

“ಅದು ನಿನಗೆ ಬಾಯಿಗೇ ಬರುತ್ತಲ್ಲ?”

“ಬರುತ್ತೆ. ಬಾಯಿಗೆ ಬರೋದು ಪುಸ್ತಕದಲ್ಲಿ ಇದೆಯೋ ಇಲ್ವೋ ನೋಡ್ಬೇಕು.”

ಸೂಜಿಯಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಓದತೊಡಗಿದಳು. ಹುಲ್ಲು, ನೀರು, ಕಣಿವೆ, ಕೋಲು... ಮೇಜು ಬಂತು. ಶತ್ರುಗಳು ಬಂದರು, ಎಲ್ಲರೂ, ಒಬ್ಬರೂ ತಪ್ಪದೆ. ಕಳೆದುಹೋದ ಮಕ್ಕಳು ಸಿಕ್ಕಷ್ಟು ಸಮಾಧಾನವಾಯಿತು ಅವಳಿಗೆ.

“ಇದ್ದಾರಲ್ಲ! ನೋಡಿದ್ಯಾ? ಇದ್ದಾರೆ!”

“ಇರ್ದೆ ಎಲ್ಲಿಗೆ ಹೋಗ್ತಾರೆ ನಿನ್ನ ಶತ್ರುಗಳು? ನೀನು ಬಿಟ್ರೆ ತಾನೇ ಅವರು ಹೋಗೋದು.”

ಮುದುಕಿ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಸೊಸೆ ಬಿಟ್ಟ ವಚನಗಳು ಹೆಚ್ಚಾದವು. ಅರ್ಧ ಸತ್ಯವೇದವೇ ಮಾಯವಾಗಿತ್ತು. ಸೂಜಿಯಮ್ಮ ಕೇಳಿ ಮುಗಿಸಿ, “ಶತ್ರುಗಳ ವಚನ ಮಾತ್ರ ಬಿಡ್ತಾಳಾ?” ಎಂದಳು.

“ಅಷ್ಟು ಸಾಲದಾ? ಕುಂಬಳಕಾಯಿ ಕಳ್ಳ ಅಂದ್ರೆ ಅವಳು ಹೆಗಲು ಯಾಕೆ ಮುಟ್ಕೋಬೇಕು?”

“ಹೆಗಲಿಗೆ ಕುಂಬಳಕಾಯಿ ಹೊರಿಸಿದವರು ಯಾರೋ,” ಎಂದು ಸೂಜಿಯಮ್ಮ ಮತ್ತೆ ಸೂಜಿ ಬಾಯಿಗಿಟ್ಟುಕೊಂಡಳು. “ದೇವಾಲಯದಲ್ಲಿ ಶತ್ರು ಅಂತ ಬಂದಾಗಲೆಲ್ಲ ನನ್ನ ಪಕ್ಕೆಗೆ ಮೊಣಕೈಲಿ ತಿವೀತೀಯಲ್ಲ, ತಿವಿದು ತಿವಿದು ನನಗೆ ಅಲ್ಲೊಂದು ಗುಳಿಯೇ ಬಿದ್ದಿದೆ.”

ಇವಳೂ ಆ ಕಡೆಯೇ. ಸೊಸೆ ಬೇಕರಿಯಿಂದ ಮಿಕ್ಕಿದ ಬನ್ನು ತಂದು ಇವಳಿಗೆ ಕೊಡುವುದು ಮುದುಕಿಗೆ ಗೊತ್ತಿಲ್ಲವೇ? ಬನ್ನು ತಿಂದ ಬಾಯಿ ನ್ಯಾಯ ಹೇಳುತ್ತದೆಯೇ? ಆದರೂ ಬೇರೆ ದಾರಿಯಿಲ್ಲದೆ ಸೊಂಟದ ಕೀಲಿ ತೆಗೆದು ಅವಳ ಗುಂಡಿಯ ಡಬ್ಬಿಯಲ್ಲಿ ಹಾಕಿದಳು. “ನಾನು ಕಣ್ಣು ಬಿಟ್ಟು ಬರೋ ತನಕ ಇರ್ಲಿ. ಯಾರಾದ್ರೂ ಕೇಳಿದ್ರೆ ಸತ್ತರೂ ಹೇಳ್ಬೇಡ.”

“ಯಾರು ಸತ್ತರೆ, ನೀನಾ ನಾನಾ?”

ಆಸ್ಪತ್ರೆಯ ಕಾರಿಡಾರಿನಲ್ಲಿ ಉದ್ದಕ್ಕೂ ಬೆಂಚು. ಬೆಂಚಿನ ಮೇಲೆ ಸಾಲಾಗಿ ಮುದುಕರು, ಮುದುಕಿಯರು, ಎಲ್ಲರ ತಲೆಗೂ ಒಂದೇ ಹಸಿರು ಟೋಪಿ. ಒಂದು ಕಣ್ಣಿನ ಮೇಲೆ, ಹಣೆಗೆ, ಬಿಳಿ ಅಂಟುಪಟ್ಟಿ. ಯಾವ ಕಣ್ಣು ಎಂದು ಡಾಕ್ಟರು ಮರೆಯದಿರಲಿ ಅಂತ. ಡಾಕ್ಟರಿಗೇ ಇಷ್ಟು ಮರೆವಿದ್ದರೆ ಯಾರೂ ಕೇಳುವುದಿಲ್ಲ, ಅಂಟುಪಟ್ಟಿ ಹಚ್ಚಿಕೊಂಡು ಮುಂದೆ ಹೋಗುತ್ತಾರೆ. ಇವಳು ಒಲೆ ಮೇಲೆ ಹಾಲು ಉಕ್ಕಿಸಿದರೆ ಮಾತ್ರ ಬಾಗಿಲ ಹಿಂದೆ ಗುಸುಗುಸು. ನರ್ಸು ಬಂದು ಹನಿ ಹಾಕಿದಳು. ಕಣ್ಣು ಉರಿದು, ಇದ್ದ ಮಬ್ಬೂ ಕರಗಿ ಬರೀ ಬೆಳಕಾಯಿತು. ಬೆಳಕಿನೊಳಗೆ ನೆರಳುಗಳು ಓಡಾಡಿದವು.

“ಅಜ್ಜಿ, ನಿಮ್ಮ ಜೊತೆ ಬಂದಿರೋರು ಯಾರು?”

“ನನ್ನ ಶತ್ರು,” ಎಂದಳು ಮುದುಕಿ. “ಅಂದ್ರೆ ನನ್ನ ಸೊಸೆ.”

ನರ್ಸು ನಕ್ಕಳು. ಪಕ್ಕದ ಮುದುಕನೂ ನಕ್ಕ. ಮುದುಕಿಗೆ ಹುರುಪು ಬಂತು. ಸೊಸೆ ಬಂದ ದಿನದ ಶಾಪದ ಕತೆ ನಾಲಿಗೆ ತುದಿಗೆ ಬಂತು, ಬಿಂದಿಗೆ ನೀರಿನ ಸಮೇತ. ಆದರೆ ಎಡಗಡೆಯಿಂದ, ಹುದುಗು ಹಿಟ್ಟಿನ ವಾಸನೆ ಬರುತ್ತಿದ್ದ ಕಡೆಯಿಂದ, ನಗುವೂ ಇಲ್ಲ, ಉಸಿರೂ ಇಲ್ಲ. ಏನನ್ನೋ ಸದ್ದಿಲ್ಲದೆ ತಟ್ಟೆಗೆ ಇಟ್ಟ ಹಾಗೆ. ಕತೆ ನಾಲಿಗೆಯ ಮೇಲೆಯೇ ಒಣಗಿತು. ಎಂಥ ಹೆಂಗಸು ಇದು, ಒಂದು ತಮಾಷೆಗೂ ಆಗುವುದಿಲ್ಲ! ಬಂದ ದಿನ ನಕ್ಕುಬಿಟ್ಟಿದ್ದರೆ ಅವತ್ತಿಗೇ ಮುಗಿದುಹೋಗುತ್ತಿತ್ತು. ನಗಲಿಲ್ಲ, ಅದಕ್ಕೇ ಇವಳು ಮತ್ತೆ ಮತ್ತೆ ಹೇಳಬೇಕಾಯಿತು. ಒಂದು ಸಲವಾದರೂ ನಗುತ್ತಾಳೇನೋ ಎಂದು, ಪ್ರತಿ ಸಲವೂ ಒಂದಿಷ್ಟು ಸೇರಿಸಿ. ಹೀಗೆಂದು ಅನಿಸಿದ್ದು ಇದೇ ಮೊದಲು. ಅನಿಸಿದ ಕೂಡಲೇ ಇದು ಕಣ್ಣಿನ ಹನಿಯ ಕೆಲಸವಿರಬೇಕು, ತಲೆಗೂ ಇಳಿಯಿತೇನೋ ಎಂದು ಸಂಶಯಪಟ್ಟಳು.

ಬಾಗಿಲು ತೆರೆದು ಮುಚ್ಚುತ್ತಿತ್ತು. ಒಳಗೆ ಹೋದವರು ಹೊರಗೆ ಬರುವುದು ಕಾಣುತ್ತಿರಲಿಲ್ಲ. ಬೇರೆ ಬಾಗಿಲಿರಬೇಕು, ಅಥವಾ ಇಲ್ಲದೆಯೂ ಇರಬಹುದು. ಒಳಗೆ ಸೂಜಿ, ಕತ್ತಿ; ಸೂಜಿಯಮ್ಮನ ದಿಂಬಿನಂತೆ ತನ್ನ ಕಣ್ಣು. ಹೆದರಿಕೆಯಾದಾಗ ಗಂಡ ಕೀರ್ತನೆ ಹೇಳುತ್ತಿದ್ದ, ಸುತ್ತಿಗೆ ಬೆರಳಿಗೆ ಬಿದ್ದಾಗಲೂ ಹೇಳುತ್ತಿದ್ದ, ಬೈಗುಳದ ಬದಲಿಗೆ.

“ಬೆಳಗ್ಗಿಂದು ಇನ್ನೊಂದ್ಸಲ ಓದು,” ಎಂದಳು.

“ಈಗ್ಲಾ?”

“ಈಗಲ್ದೆ ಕಣ್ಣು ಹೋದ್ಮೇಲಾ?”

ಸೊಸೆ ಮೊಬೈಲು ತೆಗೆದಿರಬೇಕು. ಮೆಲ್ಲಗೆ, ಪಕ್ಕದವರಿಗೆ ಕೇಳಿಸದ ಹಾಗೆ ಓದಿದಳು. ಹುಲ್ಲು. ನೀರು. ಕಣಿವೆಗೆ ಬಂದಾಗ ಮುದುಕಿಗೆ ಕಾರಿಡಾರಿನ ಕೊನೆಯ ಬಾಗಿಲು ನೆನಪಾಯಿತು. ಕೋಲು. ಆಮೇಲೆ ಎಣ್ಣೆ.

“ನಿಲ್ಸು.” ಪರೀಕ್ಷೆಯಾಗಲಿ, ಮರೆವಾಗಲಿ, ಏನಾದರೂ ಆಗಲಿ. ಕಣಿವೆಗೆ ಇಳಿಯುವವಳಿಗೆ ಊಟ ಹಾಕದೆ ಕಳಿಸುತ್ತಾರೆಯೇ? “ಮೇಜು ಎಲ್ಲಿ?”

ಸೊಸೆ ಬೆಂಚಿನ ಮೇಲೆ ಸರಿದು ಕೂತ ಸದ್ದಾಯಿತು.

“ಶತ್ರುಗಳ ಮುಂದೆ ಹಾಕೋ ಮೇಜು. ಬೆಳಗ್ಗೆಯೂ ನುಂಗಿದೆ, ಈಗಲೂ ನುಂಗಿದೆ. ನಿನ್ನೆ ಗೂಳಿ, ನಾಯಿ ಎಲ್ಲಾನೂ ಕಟ್ಟಿಹಾಕಿದೆ. ನನಗೆ ಮರೆವು ಅಂತ ಡಾಕ್ಟ್ರಿಗೆ ತೋರಿಸ್ಬೇಕು, ಅದಕ್ಕೇ ಅಲ್ವಾ?”

“ಅಯ್ಯೋ, ಅತ್ತೆ...” ಅವಳ ದನಿಯಲ್ಲಿ ಸಿಕ್ಕಿಬಿದ್ದವರ ಗಾಬರಿಗಿಂತ ದಣಿವೇ ಹೆಚ್ಚಾಗಿತ್ತು. “ನಿಮಗೆ ಗೊತ್ತಾಗಲ್ಲ ಅಂದ್ಕೊಂಡೆ.”

“ಅದೇ ನಾನೂ ಹೇಳ್ತಿರೋದು!”

“ಅದಕ್ಕಲ್ಲ. ಆ ವಚನ ಬಂದಾಗ ನೀವು ನನ್ನ ಕಡೆ ನೋಡ್ತೀರಿ.”

“ನಾನಾ? ನನಗೆ ಕಣ್ಣೇ ಕಾಣಲ್ಲ ಕಣೇ!”

“ಕಾಣಲ್ಲ, ಆದ್ರೂ ತಿರುಗ್ತೀರಿ. ಶತ್ರು ಅಂದ ತಕ್ಷಣ ಮುಖ ತಾನಾಗೇ ನನ್ನ ಕಡೆ ಬರುತ್ತೆ. ಮಾವ ಓದುವಾಗ್ಲೂ ಹಾಗೇ. ಇವರು ಓದುವಾಗ್ಲೂ ಹಾಗೇ. ಆಗೆಲ್ಲ ತಲೆ ತಗ್ಗಿಸ್ಕೊಂಡು ಕೂರ್ತಿದ್ದೆ. ಈಗ ಇವರು ಬೆಳಗ್ಗೇನೇ ಅಂಗಡಿಗೆ ಹೋಗ್ತಾರೆ, ಓದೋಳೇ ನಾನು. ನನ್ನ ಬಾಯಿಂದ್ಲೇ ಹೇಳಿ, ನಾನೇ ಎದುರಿಗೆ ನಿಂತ ಹಾಗಾಗುತ್ತೆ.” ಸ್ವಲ್ಪ ತಡೆದು, “ಅದಕ್ಕೇ ಹಾರಿಸ್ತೀನಿ. ದೇವರು ನನ್ನನ್ನ ಏನಾದ್ರೂ ಅಂದ್ಕೊಳ್ಳಲಿ,” ಎಂದಳು.

ಸುಳ್ಳು, ಎಂದು ಮುದುಕಿ ಅಂದುಕೊಂಡಳು. ಮುಖ ಹೇಗೆ ತಾನಾಗಿ ತಿರುಗುತ್ತದೆ, ಅದೇನು ಸೂರ್ಯಕಾಂತಿಯೇ? ಹಾಗೆ ಅಂದುಕೊಂಡಾಗಲೇ ತನ್ನ ಮುಖ ಎಡಕ್ಕೆ, ಆ ವಾಸನೆಯ ಕಡೆಗೆ ಪೂರ್ತಿ ತಿರುಗಿರುವುದು ಗೊತ್ತಾಯಿತು. ಯಾವಾಗ ತಿರುಗಿತು? ಅವಳು ಅದನ್ನು ಮೆಲ್ಲಗೆ, ತುಕ್ಕು ಹಿಡಿದ ಕೀಲಿಯನ್ನು ತಿರುವುವ ಹಾಗೆ, ಮುಂದಕ್ಕೆ ತಿರುಗಿಸಿ ಎದುರಿನ ಗೋಡೆಗೆ ಹಿಡಿದಳು. ಕತ್ತು ನೋಯಿತು.

“ಓದು,” ಎಂದಳು. “ಮೇಜಿನ ಸಮೇತ ಓದು.”

ಸೊಸೆ ಕೋಲಿನಿಂದ ಶುರುಮಾಡಿದಳು. ಮುದುಕಿ ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದಳು. ಮೇಜು ಬಂತು. ಶತ್ರುಗಳು ಬಂದರು. ಅವಳ ಕತ್ತಿನ ನರ ಎಳೆಯಿತು, ನಾಯಿ ಸರಪಣಿ ಎಳೆದ ಹಾಗೆ, ಅವಳು ಬಿಡಲಿಲ್ಲ. ಹಾಗಾದರೆ ಆ ಶತ್ರುವಿನ ಜಾಗದಲ್ಲಿ ಯಾರನ್ನು ನಿಲ್ಲಿಸುವುದು? ಹಿಂದೆ ಇವಳಿಗೆ ಆಗದಿದ್ದ ಗಂಡನ ಅಕ್ಕ ಸತ್ತು ಎಷ್ಟೋ ಕಾಲವಾಯಿತು. ಪಾದ್ರಿಯಮ್ಮನಿಗೆ ಪಾರ್ಶ್ವವಾಯು. ಸೂಜಿಯಮ್ಮನ ಹತ್ತಿರ ಕೀಲಿ ಕೊಟ್ಟಾಗಿದೆ. ಮೇಜು ಹಾಕಿತ್ತು, ಊಟ ಬಡಿಸಿತ್ತು, ಎದುರಿಗೆ ನಿಂತು ನೋಡುವವರು ಯಾರೂ ಇರಲಿಲ್ಲ. ಅಷ್ಟು ದೊಡ್ಡ ಮೇಜಿಗೆ ಅವಳೊಬ್ಬಳೇ. ಆಗ ಅವಳಿಗೆ ಬೇರೊಂದು ಅನುಮಾನ ಬಂತು. ಆ ವಚನದ ಹತ್ತಿರ ಸೊಸೆಯ ದನಿ ನಿಂತಿತ್ತು. ಈಗಲೂ ನಿಂತೇ ಇದೆ.

“ನೀನು ಎಲ್ಲಿ ನೋಡ್ತಿದೀಯಾ?”

“ಓದ್ತಿದೀನಿ ಅತ್ತೆ.”

“ಓದೋದು ಕೇಳಿಸ್ತು. ಶತ್ರು ಅಂದಾಗ ಕಣ್ಣು ಎಲ್ಲಿತ್ತು?”

ಮುದುಕಿಯ ಎಡಗೆನ್ನೆ ಬಿಸಿಯಾದ ಹಾಗಾಯಿತು. ಕಿಟಕಿಯ ಬಿಸಿಲೂ ಇರಬಹುದು. ಅಂಥ ನೋಟದೆದುರು ಕೂತಿರುವುದು ಹೀಗಿರುತ್ತದೆಯೇ, ಅಷ್ಟು ವರ್ಷ, ಬೆಳಗಿನ ಹೊತ್ತು, ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು? ಸೊಸೆ ಮುಂದೆ ಓದಿದಳು: ಎಣ್ಣೆ, ತುಂಬಿ ತುಳುಕುವ ಬಟ್ಟಲು. ಕೊನೆಯ ವಚನ ಒಂದೇ ಉಳಿದಿತ್ತು. ದೇವರ ಮನೆಯಲ್ಲೇ ಬಹುಕಾಲ ಉಳಿಯುತ್ತೇನೆ ಎಂಬುದು. ಅಷ್ಟರಲ್ಲಿ ನರ್ಸು ಬಂದು ಮುದುಕಿಯ ತೋಳು ಹಿಡಿದಳು.

“ಏಳಿ ಅಜ್ಜಿ, ನಿಮ್ಮ ಸರದಿ.”

“ಇರಮ್ಮ, ಕೊನೇದು ಒಂದು ಬಾಕಿ ಇದೆ. ಏಯ್, ಬೇಗ ಓದು.”

“ಇಲ್ಲ,” ಎಂದಳು ಸೊಸೆ. “ಅದನ್ನ ನೀವು ಹೊರಗೆ ಬಂದ್ಮೇಲೆ ಓದ್ತೀನಿ. ನಾನು ಇಲ್ಲೇ ಕೂತಿರ್ತೀನಿ.”

ಇದರಲ್ಲೂ ಏನೋ ಇದೆ. ವಚನ ತನ್ನ ಕೈಯಲ್ಲಿ ಇಟ್ಟುಕೊಂಡು ಅತ್ತೆಯನ್ನು ಅರ್ಧ ಕೀರ್ತನೆಯಲ್ಲಿ ಕಣಿವೆಗೆ ತಳ್ಳುತ್ತಿದ್ದಾಳೆ. ಬೇಡಿಕೊಂಡು ಬರಲಿ ಎಂದಿರಬೇಕು. ಅಥವಾ ಬರಲೇಬೇಕು ಎಂದೇ? ಬಾಗಿಲ ಹತ್ತಿರ ಅವಳ ಮುಖ ತಾನಾಗಿ ಹಿಂದಕ್ಕೆ ತಿರುಗಿತು. ಈ ಸಲ ಯಾರೂ ಶತ್ರು ಎಂಬ ಮಾತು ಎತ್ತಿರಲಿಲ್ಲ. ಬೆಳಕಿನಲ್ಲಿ ಒಂದು ನೆರಳು ಎದ್ದು ನಿಂತಿತ್ತು. ಕೈ ಎತ್ತಿತೋ, ಟೋಪಿ ಸರಿಮಾಡಿಕೋ ಎಂದಿತೋ, ತಿಳಿಯಲಿಲ್ಲ.

ಒಳಗೆ ಮಲಗಿಸಿದರು. ಮುಖದ ಮೇಲೆ ಬಟ್ಟೆ ಹೊದಿಸಿ ಒಂದು ಕಣ್ಣಿಗೆ ಮಾತ್ರ ಕಿಂಡಿ ಬಿಟ್ಟರು. ದೀಪ ಬಂದು ಕಿಂಡಿಯ ಮೇಲೆ ಕೂತಿತು.

“ಹೆದರಿಕೆ ಆಗ್ತಿದ್ಯಾ ಅಜ್ಜಿ?” ಎಂದರು ಡಾಕ್ಟರು. “ದೇವರ ಹೆಸರು ಗಿಸರು ಏನಾದ್ರೂ ಬರುತ್ತಾ? ಮನಸ್ಸಲ್ಲೇ ಹೇಳ್ಕೊಳ್ಳಿ.”

ಬರುತ್ತದೆಯೇ ಎಂದು ಕೇಳುತ್ತಾನೆ! ಅವಳಿಗೆ ಇಡೀ ಪುಸ್ತಕವೇ ಬರುತ್ತಿತ್ತು, ತಲೆಕೆಳಗಾಗಿಯೂ ಬರುತ್ತಿತ್ತು. ಹುಲ್ಲು, ನೀರು, ಕಣಿವೆ, ಕೋಲು, ಮೇಜು, ಎಣ್ಣೆ, ಬಟ್ಟಲು ಎಲ್ಲವನ್ನೂ ಒಂದೊಂದಾಗಿ ಹೇಳಿಕೊಂಡಳು. ಕೊನೆಯ ವಚನ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ, ಸೊಸೆಗಂತೂ ಗೊತ್ತೇ ಆಗುತ್ತಿರಲಿಲ್ಲ. ಮುದುಕಿ ಹಲ್ಲು ಕಚ್ಚಿದಳು. ಅದು ಹೊರಗೆ, ಬೆಂಚಿನ ಮೇಲೆ, ಸೊಸೆಯ ಹತ್ತಿರವೇ ಇರಲಿ.